ಮುಪ್ಪನ್ನು ಅಭ್ಯಸಿಸುವವರಿಗೆ ಮಾರ್ಗದರ್ಶಕರಾರು?

ಲೋಕದಲ್ಲಿ ವಿದ್ಯೆಗಳು ಅನೇಕ. ಅವುಗಳಲ್ಲಿ ಕೆಲವನ್ನು ಕಲಿಯುವವನು ತಾನು ಕಲಿಯುವ ವಸ್ತುವಿನಿಂದ ಬೇರೆಯಾಗಿಯೇ ಉಳಿಯುತ್ತಾನೆ. ಕಲ್ಲನ್ನು ಪರೀಕ್ಷಿಸುವವನು ಕಲ್ಲಾಗಬೇಕಾದುದಿಲ್ಲ. ನಕ್ಷತ್ರಗಳನ್ನು ಎಣಿಸುವವನು ಆಕಾಶಕ್ಕೆ ಏರಬೇಕಾದುದಿಲ್ಲ. ಮತ್ತೆ ಕೆಲವು ವಿದ್ಯೆಗಳಲ್ಲಿ ಕಲಿಯುವವನ ಸ್ವಾನುಭವವೇ ಅವನಿಗೆ ಅರ್ಧ ಗುರುವಾಗುತ್ತದೆ. ಶಿಶುಗಳ ಮನಸ್ಸನ್ನು ಅಭ್ಯಸಿಸುವ ಪ್ರತಿಯೊಬ್ಬನೂ ಒಂದು ಕಾಲದಲ್ಲಿ ತಾನೂ ಶಿಶುವಾಗಿದ್ದವನೇ. ಆದರೆ ಮುಪ್ಪನ್ನು ಕುರಿತ ವಿದ್ಯೆಯ ಸ್ಥಿತಿಯು ಇವೆರಡಕ್ಕಿಂತಲೂ ವಿಲಕ್ಷಣವಾದುದು. ಇಪ್ಪತ್ತು ಇಪ್ಪತ್ತೆರಡು ವರ್ಷದ ತರುಣನೋ ತರುಣಿಯೋ ವಿಶ್ವವಿದ್ಯಾನಿಲಯದಲ್ಲಿ ಕುಳಿತು ಎಪ್ಪತ್ತು ಎಂಬತ್ತು ವರ್ಷದವರ ದೇಹವನ್ನೂ ಮನಸ್ಸನ್ನೂ ಸಂಸಾರವನ್ನೂ ಓದಬೇಕಾಗುತ್ತದೆ. ಓದುವ ವಸ್ತುವು ಅವರಿಗೆ ಇನ್ನೂ ಒದಗಿಲ್ಲ. ಆಯುಷ್ಯವಿದ್ದಲ್ಲಿ ಒದಗದೆ ಬಿಡುವುದೂ ಇಲ್ಲ.

ಹೀಗಿರಲಾಗಿ, ತಾನು ಇನ್ನೂ ತುಳಿಯದ ದಾರಿಯನ್ನು ವರ್ಣಿಸಬೇಕಾದ ಈ ವಿದ್ಯಾರ್ಥಿಗೆ ಪುಸ್ತಕವೊಂದೇ ಸಾಲದು. ಕೈಹಿಡಿದು ಜೊತೆಗೆ ನಡೆಯುವವರು ಬೇಕು. ಅಂಥವರು ಯಾರು, ಅವರು ಮಾಡತಕ್ಕ ಕೆಲಸವೇನು, ಆ ಕೆಲಸವು ಎಲ್ಲಿ ಕೆಡುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ. ಇದು ವಿಶ್ವವಿದ್ಯಾನಿಲಯದವರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಗೃಹಸ್ಥರು ಪುಟವನ್ನು ಮಗುಚಬೇಕಾದುದಿಲ್ಲ. ಪ್ರತಿಯೊಂದು ಮನೆಯ ಜಗಲಿಯ ಮೇಲೂ ಈ ವಿದ್ಯೆಯ ಮೂಲಗ್ರಂಥವು ಕುಳಿತಿರುತ್ತದೆ ಎಂಬುದು ಮುಂದೆ ತಿಳಿದುಬರುವುದು.

ಮಾರ್ಗದರ್ಶಕನೆಂದರೆ ಯಾರು?

ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಲ್ಲಿ ಇಂಥವನನ್ನು ‘ಮೆಂಟರ್’ ಎಂದು ಕರೆಯುವರು. ಈ ಹೆಸರು ಗ್ರೀಕರ ಪ್ರಾಚೀನ ಮಹಾಕಾವ್ಯವಾದ ‘ಒಡಿಸ್ಸಿ’ಯಿಂದ ಬಂದುದು. ಯುದ್ಧಕ್ಕೆ ಹೊರಟ ಒಡಿಸ್ಯೂಸನು ತನ್ನ ಮನೆವಾರ್ತೆಯನ್ನು ಮೆಂಟರ್ ಎಂಬ ಹಿರಿಯ ಮಿತ್ರನಿಗೆ ಒಪ್ಪಿಸಿ ಹೋದನು. ಮುಂದೆ ಮಗನಾದ ಟೆಲಿಮಾಕಸನು ತಂದೆಯ ಸುದ್ದಿಯನ್ನು ಅರಸಿ ಹೊರಟಾಗ, ಅಥೀನಾ ದೇವತೆಯು ಆ ಹಿರಿಯನ ರೂಪವನ್ನೇ ತಾಳಿ ಅವನ ಜೊತೆಗೆ ನಡೆದಳು. ಆದಕಾರಣ ಈ ಪದದ ಮೂಲದಲ್ಲಿಯೇ ಒಬ್ಬ ವೃದ್ಧನಿದ್ದಾನೆ.

ಉಪಾಧ್ಯಾಯನಿಗೂ ಮಾರ್ಗದರ್ಶಕನಿಗೂ ಇರುವ ಭೇದವನ್ನು ಗುರುತಿಸಿಕೊಳ್ಳುವುದು ಅವಶ್ಯ. ಉಪಾಧ್ಯಾಯನು ಪಾಠವನ್ನು ಹೇಳಿ ಪರೀಕ್ಷೆಯನ್ನು ತೆಗೆದುಕೊಳ್ಳುತ್ತಾನೆ. ಅವಧಿಯು ಮುಗಿದೊಡನೆ ಅವನ ಕರ್ತವ್ಯವೂ ಮುಗಿಯುತ್ತದೆ. ಮಾರ್ಗದರ್ಶಕನು ವಿದ್ಯಾರ್ಥಿಯ ವಿದ್ಯೆಯನ್ನು ಮಾತ್ರವಲ್ಲದೆ ವಿದ್ಯಾರ್ಥಿಯನ್ನೂ ನೋಡುತ್ತಾನೆ. ಅವನು ಎಲ್ಲಿ ಎಡವುವನು, ಏತಕ್ಕೆ ಅಂಜುವನು, ಯಾವ ಪ್ರಶ್ನೆಯನ್ನು ಕೇಳಲು ನಾಚುವನು ಎಂಬುದನ್ನು ಅರಿತು, ತಾನು ಎಡವಿದ ಸ್ಥಳವನ್ನು ಅವನಿಗೆ ತೋರಿಸುತ್ತಾನೆ. ಅರಿವು ನಡೆಯೊಡನೆ ಕೂಡಿರಬೇಕೆಂಬ ಮಾತನ್ನು ಬಲ್ಲವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಠವು ಅರಿವನ್ನು ಕೊಟ್ಟರೆ, ಆ ಅರಿವು ನಡೆಯಾಗುವ ಬಗೆಯನ್ನು ಮಾರ್ಗದರ್ಶಕನ ಬಾಳು ತೋರಿಸುತ್ತದೆ.

ಒಂದು ಮಾತಿನ ಬಲ

ವೃದ್ಧರ ವೈದ್ಯಕ್ಕೆ ಆಂಗ್ಲ ಭಾಷೆಯಲ್ಲಿ ‘ಜೀರಿಯಾಟ್ರಿಕ್ಸ್’ ಎಂಬ ಹೆಸರನ್ನು ೧೯೦೯ರಲ್ಲಿ ಕೊಟ್ಟವನು ಇಗ್ನಾಟ್ಸ್ ನ್ಯಾಷರ್ ಎಂಬ ವೈದ್ಯ. ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಈತನ ವಿದ್ಯಾರ್ಥಿದೆಸೆಯ ಒಂದು ವೃತ್ತಾಂತವು ಈ ಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಗುರುವಿನೊಡನೆ ಬಡವರ ಆಶ್ರಯಗೃಹವೊಂದಕ್ಕೆ ಹೋಗಿದ್ದಾಗ, ವೃದ್ಧೆಯೊಬ್ಬಳು ಕುಂಟುತ್ತ ಬಂದು ತನ್ನ ನೋವನ್ನು ತೋಡಿಕೊಂಡಳಂತೆ. ಆಕೆಯ ರೋಗವೇನೆಂದು ವಿದ್ಯಾರ್ಥಿಯು ಕೇಳಿದನು. ಅದು ಮುಪ್ಪು ಎಂದು ಗುರುವು ಹೇಳಿದನು. ಅದಕ್ಕೆ ಮಾಡಬೇಕಾದುದೇನು ಎಂದು ಕೇಳಿದ್ದಕ್ಕೆ, ಏನೂ ಇಲ್ಲ ಎಂಬ ಉತ್ತರವು ಬಂದಿತು.

ಆ ಗುರುವು ಕ್ರೂರನಾಗಿರಲಿಲ್ಲ. ಅವನ ಕಾಲದ ವೈದ್ಯರೆಲ್ಲರೂ ನಂಬಿದ್ದುದನ್ನೇ ಅವನೂ ನುಡಿದನು. ಆದರೆ ಅಂಥ ಒಂದು ಮಾತಿನಿಂದ ಎಷ್ಟು ಮಂದಿ ವಿದ್ಯಾರ್ಥಿಗಳ ಮನಸ್ಸಿನ ಬಾಗಿಲು ಮುಚ್ಚಿಹೋಗಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಮುಪ್ಪೇ ರೋಗವಾದಲ್ಲಿ, ಮುದುಕಿಯ ಮಂಡಿಯನ್ನು ಮುಟ್ಟಿ ನೋಡುವ ಕಾರಣವೇ ಉಳಿಯುವುದಿಲ್ಲ. ನ್ಯಾಷರನ ಮನಸ್ಸಿನಲ್ಲಿ ಮಾತ್ರ ಆ ಉತ್ತರವು ಮುಳ್ಳಿನಂತೆ ಉಳಿಯಿತು. ಶೈಶವವು ಹೇಗೆ ರೋಗವಲ್ಲದೆ ಬಾಳಿನ ಒಂದು ಅವಸ್ಥೆಯಾಗಿದೆಯೋ, ಮುಪ್ಪೂ ಹಾಗೆಯೇ ಒಂದು ಅವಸ್ಥೆ. ಶಿಶುವೈದ್ಯವಿರುವಂತೆ ವೃದ್ಧವೈದ್ಯವೂ ಇರಬೇಕು ಎಂದು ಆತನು ವಾದಿಸಿದನು. ೧೯೧೪ರಲ್ಲಿ ಆ ವಿಷಯವನ್ನು ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು.

ಎರಡು ದಶಕಗಳ ತರುವಾಯ ಇಂಗ್ಲೆಂಡಿನಲ್ಲಿ ಇದೇ ಮಾತು ಕೃತಿಯಾಗಿ ಪರಿಣಮಿಸಿತು. ೧೯೩೫ರಲ್ಲಿ ಲಂಡನ್ನಿನ ಸಮೀಪದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದ ದರಿದ್ರಾಲಯದ ರೋಗಿಗಳನ್ನು ವಹಿಸಿಕೊಂಡಾಗ, ಅವರಲ್ಲಿ ೭೧೪ ಮಂದಿಯ ಹೊಣೆಯು ಮಾರ್ಜರಿ ವಾರೆನ್ ಎಂಬ ವೈದ್ಯೆಯ ಪಾಲಿಗೆ ಬಂದಿತು. ಅವರಲ್ಲಿ ಬಹುಮಂದಿ ವರ್ಷಗಳಿಂದ ಹಾಸಿಗೆ ಹಿಡಿದವರು, ಗುಣವಾಗುವುದಿಲ್ಲವೆಂದು ಕೈಬಿಟ್ಟವರು. ಆಕೆಯು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ಏಳಬಲ್ಲವರನ್ನು ಎಬ್ಬಿಸಿ ನಡೆಸಿದಳು. ಹಲವರು ಮನೆಗೆ ಮರಳಿದರು. ೧೯೪೩ರಿಂದ ಆಕೆಯು ಪ್ರಕಟಿಸಿದ ಲೇಖನಗಳಲ್ಲಿ, ವೃದ್ಧರ ಶುಶ್ರೂಷೆಯು ಸಾಮಾನ್ಯ ಆಸ್ಪತ್ರೆಯಲ್ಲಿಯೇ ನಡೆಯಬೇಕು, ವೈದ್ಯವಿದ್ಯಾರ್ಥಿಗಳು ಅದನ್ನು ಅಲ್ಲಿಯೇ ಕಣ್ಣಾರೆ ಕಂಡು ಕಲಿಯಬೇಕು ಎಂದು ಒತ್ತಿ ಹೇಳಿದಳು. ನ್ಯಾಷರನ ಗುರುವು ವಿದ್ಯಾರ್ಥಿಯನ್ನು ವೃದ್ಧೆಯ ಎದುರಿಗೆ ಕರೆದೊಯ್ದರೂ ನೋಡಗೊಡಲಿಲ್ಲ. ವಾರೆನ್ ನೋಡುವುದನ್ನೇ ಕಲಿಸಿದಳು.

ಗುರುವಿನಿಂದ ಶಿಷ್ಯನಿಗೆ

ವೈದ್ಯದ ಹೊರಗೂ ಮುಪ್ಪಿನ ಅಭ್ಯಾಸವು ಬೆಳೆಯಿತು. ‘ಜೆರಂಟಾಲಜಿ’, ಅಂದರೆ ವಾರ್ಧಕ್ಯಶಾಸ್ತ್ರ, ಎಂಬ ಹೆಸರನ್ನು ೧೯೦೩ರಲ್ಲಿ ಬಳಕೆಗೆ ತಂದವನು ರಷ್ಯಾ ದೇಶದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ದುಡಿದ ವಿಜ್ಞಾನಿ ಎಲಿ ಮೆಚ್ನಿಕಾಫ್. ೧೯೪೫ರಲ್ಲಿ ಅಮೆರಿಕದಲ್ಲಿ ವಾರ್ಧಕ್ಯಶಾಸ್ತ್ರ ಸಂಘವು ಸ್ಥಾಪಿತವಾಯಿತು. ೧೯೭೫ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ಈ ಶಾಸ್ತ್ರಕ್ಕೆಂದೇ ಪ್ರತ್ಯೇಕ ವಿದ್ಯಾಲಯವನ್ನು ತೆರೆಯಿತು; ಜೇಮ್ಸ್ ಬಿರ್ರೆನ್ ಅದರ ಮೊದಲ ಮುಖ್ಯಸ್ಥರಾದರು. ಸಂಸ್ಥೆಗಳು ಬೆಳೆದ ಕಥೆಯು ಹೀಗೆ. ಆದರೆ ಕೈಯಿಂದ ಕೈಗೆ ವಿದ್ಯೆಯು ಹೇಗೆ ಸಾಗಿತೆಂಬುದನ್ನು ತಿಳಿಯಲು ಷಿಕಾಗೊ ವಿಶ್ವವಿದ್ಯಾನಿಲಯದ ಒಂದು ಪರಂಪರೆಯನ್ನು ನೋಡಬೇಕು.

ಬರ್ನೀಸ್ ನ್ಯೂಗಾರ್ಟನ್ ಎಂಬ ವಿದುಷಿಯು ೧೯೪೩ರಲ್ಲಿ ಆ ವಿಶ್ವವಿದ್ಯಾನಿಲಯದಿಂದ ‘ಮಾನವ ವಿಕಾಸ’ ಎಂಬ ಆಗಿನ ಹೊಸ ವಿಷಯದಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಕೆಲವು ವರ್ಷಗಳನ್ನು ಮನೆ ಮಕ್ಕಳ ಆರೈಕೆಯಲ್ಲಿ ಕಳೆದು ಮತ್ತೆ ವಿದ್ಯಾಪೀಠಕ್ಕೆ ಮರಳಿ ಬಂದರು. ರಾಬರ್ಟ್ ಹ್ಯಾವಿಗರ್ಸ್ಟ್ ಮೊದಲಾದ ಹಿರಿಯ ವಿದ್ವಾಂಸರೊಡನೆ ಕನ್ಸಾಸ್ ನಗರದ ನಡುವಯಸ್ಸಿನವರನ್ನೂ ವೃದ್ಧರನ್ನೂ ಕುರಿತ ಅಧ್ಯಯನದಲ್ಲಿ ತೊಡಗಿದರು. ಅಲ್ಲಿ ಪ್ರಶ್ನೆಗೆ ಉತ್ತರ ಕೊಟ್ಟವರು ಆಸ್ಪತ್ರೆಯ ರೋಗಿಗಳಲ್ಲ. ತಮ್ಮ ಮನೆಗಳಲ್ಲಿ ತಮ್ಮ ಬಾಳನ್ನು ನಡೆಸುತ್ತಿದ್ದ ಸಾಮಾನ್ಯ ಜನರು. ವೃದ್ಧರೆಲ್ಲ ಒಂದೇ ಬಗೆಯವರೆಂಬ ಭಾವನೆಯನ್ನು ನ್ಯೂಗಾರ್ಟನ್ ತಮ್ಮ ಬರವಣಿಗೆಯಿಂದಲೂ ಬೋಧನೆಯಿಂದಲೂ ಅಲ್ಲಗಳೆದರು. ೧೯೭೪ರಲ್ಲಿ ಅವರು ಐವತ್ತೈದರಿಂದ ಎಪ್ಪತ್ತೈದರವರೆಗಿನವರನ್ನು ‘ಎಳೆಯ ವೃದ್ಧರು’ ಎಂದೂ ಅನಂತರದವರನ್ನು ‘ಹಿರಿಯ ವೃದ್ಧರು’ ಎಂದೂ ವಿಂಗಡಿಸಿದುದು ಲೋಕಪ್ರಸಿದ್ಧವಾಯಿತು.

ಅವರ ಕೈಕೆಳಗೆ ಪಳಗಿದವರಲ್ಲಿ ವರ್ನ್ ಬೆಂಗ್ಟ್‌ಸನ್ ಒಬ್ಬರು. ೧೯೬೭ರಲ್ಲಿ ಷಿಕಾಗೊದಿಂದ ಪದವಿಯನ್ನು ಪಡೆದು ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಹೋದ ಅವರು, ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಅಜ್ಜ, ಮಗ, ಮೊಮ್ಮಗ ಎಂಬ ಮೂರು ತಲೆಮಾರುಗಳನ್ನು ಒಟ್ಟಿಗೆ ಅಭ್ಯಸಿಸುವ ಮಹತ್ಕಾರ್ಯವನ್ನು ೧೯೭೧ರಲ್ಲಿ ಕೈಗೊಂಡರು. ಕಾಲಕ್ರಮದಲ್ಲಿ ನಾಲ್ಕನೆಯ ತಲೆಮಾರೂ ಅದಕ್ಕೆ ಸೇರಿತು. ಒಬ್ಬ ಮನುಷ್ಯನ ವೃತ್ತಿಜೀವನದಲ್ಲಿ ಮುಗಿಯುವ ಕೆಲಸ ಅದಾಗಿರಲಿಲ್ಲ. ಬೆಂಗ್ಟ್‌ಸನ್ನರ ತರುವಾಯ ಅದರ ಹೊಣೆಯನ್ನು ಅವರ ಕಿರಿಯ ಸಹೋದ್ಯೋಗಿಯಾಗಿದ್ದ ಮೆರಿಲ್ ಸಿಲ್ವರ್‌ಸ್ಟೀನ್ ವಹಿಸಿಕೊಂಡರು. ಬೆಂಗ್ಟ್‌ಸನ್ ೨೦೧೯ರಲ್ಲಿ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಲೆಮಾರಿನಿಂದ ತಲೆಮಾರಿಗೆ ಏನು ಸಾಗುತ್ತದೆ ಎಂಬುದನ್ನು ಕೇಳುವ ಆ ಅಧ್ಯಯನವು ತಾನೇ ಹಿರಿಯರಿಂದ ಕಿರಿಯರಿಗೆ ಸಾಗುತ್ತ ಬಂದಿದೆ. ಕಿರಿಯರನ್ನು ಸಿದ್ಧಪಡಿಸದೆ ಹಿರಿಯರು ಹೋಗಿದ್ದರೆ, ಅಷ್ಟು ಕುಟುಂಬಗಳು ನಂಬಿಕೆಯಿಂದ ಒಪ್ಪಿಸಿದ ಬಾಳಿನ ವಿವರಗಳೆಲ್ಲ ಕಪಾಟಿನ ಕಾಗದವಾಗಿ ಉಳಿಯುತ್ತಿದ್ದವು. ಮುಪ್ಪಿನ ಅಧ್ಯಯನವು ಮನುಷ್ಯನ ಆಯುಷ್ಯದಷ್ಟೇ ದೀರ್ಘವಾದುದು. ಆದಕಾರಣ ಈ ವಿದ್ಯೆಯಲ್ಲಿ ಶಿಷ್ಯರನ್ನು ಬೆಳೆಸುವುದು ವಿದ್ಯೆಯ ಉಳಿವಿನ ಪ್ರಶ್ನೆಯೇ ಆಗಿದೆ.

ಹಿರಿಯ ಸಹಪಾಠಿಯ ನೆರವು

ಎರಡನೆಯ ಬಗೆಯ ಮಾರ್ಗದರ್ಶಕನು ವಿದ್ಯಾರ್ಥಿಗಿಂತ ಎರಡು ಮೂರು ವರ್ಷ ಮುಂದಿರುವ ಸಹಪಾಠಿ. ಇವನ ಅವಶ್ಯಕತೆಯು ಈ ಶಾಸ್ತ್ರದಲ್ಲಿ ಮಿಕ್ಕವುಗಳಿಗಿಂತ ಹೆಚ್ಚಾಗಿರುವುದಕ್ಕೆ ಕಾರಣವುಂಟು. ಮುಪ್ಪಿನ ಅಭ್ಯಾಸವು ಒಂದೇ ಇಲಾಖೆಯಲ್ಲಿ ನಡೆಯತಕ್ಕದ್ದಲ್ಲ. ಜೀವಶಾಸ್ತ್ರದವನು ಜೀವಕೋಶವನ್ನೂ, ಮನಶ್ಶಾಸ್ತ್ರದವನು ನೆನಪನ್ನೂ, ಸಮಾಜಶಾಸ್ತ್ರದವನು ಕುಟುಂಬವನ್ನೂ, ದಾದಿಯರ ವಿದ್ಯಾಲಯದವರು ಶುಶ್ರೂಷೆಯನ್ನೂ ಅಭ್ಯಸಿಸುತ್ತಾರೆ. ತನ್ನ ಇಲಾಖೆಯಲ್ಲಿ ಮುಪ್ಪನ್ನು ಆರಿಸಿಕೊಂಡವನು ತಾನೊಬ್ಬನೇ ಎಂಬ ಏಕಾಕಿತನವು ಎಷ್ಟೋ ವಿದ್ಯಾರ್ಥಿಗಳನ್ನು ಕಾಡುತ್ತದೆ. ತರುಣರು ಮುದುಕರ ವಿಷಯವನ್ನು ಓದುವುದೇಕೆ ಎಂದು ಗೆಳೆಯರು ನಗುವುದೂ ಉಂಟು.

ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಅಮೆರಿಕದಲ್ಲಿ ಸಂಘಟನೆಗಳು ಹುಟ್ಟಿಕೊಂಡವು. ವಾರ್ಧಕ್ಯಶಾಸ್ತ್ರದ ಉಚ್ಚಶಿಕ್ಷಣಕ್ಕಾಗಿ ೧೯೭೪ರಲ್ಲಿ ಒಂದು ಸಂಘವೂ, ಆ ವಿದ್ಯಾರ್ಥಿಗಳಲ್ಲಿ ಉತ್ತಮರನ್ನು ಗೌರವಿಸಲು ೧೯೮೦ರಲ್ಲಿ ‘ಸಿಗ್ಮಾ ಫೈ ಒಮೆಗಾ’ ಎಂಬ ಸಂಸ್ಥೆಯೂ ಸ್ಥಾಪಿತವಾದವು. ಮೇಲೆ ಹೇಳಿದ ೧೯೪೫ರ ಸಂಘದಲ್ಲಿಯೂ ವಿದ್ಯಾರ್ಥಿಗಳಿಗೂ ಹೊಸ ಸಂಶೋಧಕರಿಗೂ ಪ್ರತ್ಯೇಕ ವಿಭಾಗವಿದ್ದು, ವಾರ್ಷಿಕ ಸಮ್ಮೇಳನದಲ್ಲಿ ಬೇರೆಬೇರೆ ಶಾಸ್ತ್ರಗಳ ಕಿರಿಯರು ಅಲ್ಲಿ ಒಬ್ಬರನ್ನೊಬ್ಬರು ಕಂಡುಕೊಳ್ಳುತ್ತಾರೆ.

ಹಿರಿಯ ಸಹಪಾಠಿಯು ಕಲಿಸತಕ್ಕವು ಸಣ್ಣ ಸಂಗತಿಗಳಂತೆ ತೋರುತ್ತವೆ. ಕಿವಿ ಮಂದವಾದವರೊಡನೆ ಮಾತನಾಡುವಾಗ ಕೂಗಬಾರದು. ಮುಖವು ಬೆಳಕಿಗೆ ಬರುವಂತೆ ಎದುರಿಗೆ ಕುಳಿತು ನಿಧಾನವಾಗಿ ಮಾತನಾಡಬೇಕು. ಪ್ರಶ್ನೆಯನ್ನು ಕೇಳಿದ ಮೇಲೆ ಮೌನವನ್ನು ಸಹಿಸಬೇಕು. ಉತ್ತರವು ತಡವಾಗಿ ಬಂದರೆ ಅದು ಇಲ್ಲವೆಂದು ಬಗೆಯಬಾರದು. ಊಟದ ಹೊತ್ತಿಗೆ ಹೋಗಬಾರದು. ಇವು ಯಾವ ಪಠ್ಯಪುಸ್ತಕದ ಅಧ್ಯಾಯಗಳೂ ಅಲ್ಲ. ಆದರೆ ಇವುಗಳನ್ನರಿಯದವನ ಕಾಗದಗಳು ತುಂಬಿದರೂ ಅಧ್ಯಯನವು ತುಂಬುವುದಿಲ್ಲ.

ಇನ್ನೂ ದೊಡ್ಡದಾದ ಸಂಗತಿಯೊಂದಿದೆ. ವಾಚಕರು ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಲಿ. ಆಕೆಯು ವರ್ಷವೆಲ್ಲ ತಿಂಗಳಿಗೊಮ್ಮೆ ಒಬ್ಬ ವೃದ್ಧರ ಮನೆಗೆ ಹೋಗಿ ಅವರ ಬಾಳಿನ ಕಥೆಯನ್ನು ಬರೆದುಕೊಳ್ಳುತ್ತಾಳೆ. ಮುಂದಿನ ತಿಂಗಳು ಹೋದಾಗ ಬಾಗಿಲಲ್ಲಿ ಸೊಸೆಯು ನಿಂತು, ಅವರು ತೀರಿಕೊಂಡು ಎಂಟು ದಿನವಾಯಿತೆಂದು ಹೇಳುತ್ತಾಳೆ. ಕೈಯಲ್ಲಿ ಪ್ರಶ್ನಾವಳಿಯಿದೆ, ಕಣ್ಣಲ್ಲಿ ನೀರು ಬರುತ್ತದೆ. ಅಳಬೇಕೋ ಬಾರದೋ, ಮನೆಯವರೊಡನೆ ಕುಳಿತುಕೊಳ್ಳಬೇಕೋ ಹಿಂದಿರುಗಬೇಕೋ ತಿಳಿಯದು. ದೀರ್ಘಕಾಲದ ಅಧ್ಯಯನಗಳಲ್ಲಿ ಇಂಥ ದಿನವು ಬಂದೇ ಬರುತ್ತದೆ. ಅಂದು ಸಂಜೆ ಆಕೆಯ ಮಾತನ್ನು ಕೇಳಿ, ತನಗೂ ಹೀಗೆಯೇ ಆಗಿತ್ತೆಂದು ಹೇಳುವ ಹಿರಿಯ ಸಹಪಾಠಿಯೊಬ್ಬಳಿದ್ದರೆ ಆಕೆಯು ಈ ವಿದ್ಯೆಯಲ್ಲಿ ಉಳಿಯುತ್ತಾಳೆ. ಇಲ್ಲದಿದ್ದರೆ ಒಂದೋ ಆಕೆಯು ವಿದ್ಯೆಯನ್ನು ಬಿಡುತ್ತಾಳೆ, ಇಲ್ಲವೆ ಹೃದಯವನ್ನು ಕಲ್ಲುಮಾಡಿಕೊಂಡು ಮುಂದುವರಿಯುತ್ತಾಳೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ನಷ್ಟ.

ವೃದ್ಧರೇ ಮಾರ್ಗದರ್ಶಕರು

ಮೂರನೆಯ ಬಗೆಯ ಮಾರ್ಗದರ್ಶಕರು ಸ್ವತಃ ವೃದ್ಧರು. ಇದು ಸಹಜವಾದುದೆಂದು ಈಗ ತೋರಿದರೂ ವಿದ್ಯಾಪೀಠಗಳು ಇದನ್ನು ಕಂಡುಕೊಂಡದ್ದು ತಡವಾಗಿ. ವೈದ್ಯವಿದ್ಯಾರ್ಥಿಯು ಆಸ್ಪತ್ರೆಯಲ್ಲಿ ಕಾಣುವುದು ಕಾಯಿಲೆ ಬಿದ್ದ ವೃದ್ಧರನ್ನು ಮಾತ್ರ. ಆದಕಾರಣ ಮುಪ್ಪೆಂದರೆ ಕಾಯಿಲೆ, ಮರೆವು, ಪರಾಧೀನತೆ ಎಂಬ ಭಾವನೆಯು ಅವನಲ್ಲಿ ಬೇರೂರುತ್ತದೆ. ವಯಸ್ಸಿನ ಕಾರಣದಿಂದಲೇ ಮನುಷ್ಯನನ್ನು ಕೀಳಾಗಿ ಕಾಣುವ ಈ ದೋಷಕ್ಕೆ ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ ೧೯೬೯ರಲ್ಲಿ ‘ಏಜಿಸಂ’ ಎಂಬ ಹೆಸರನ್ನಿಟ್ಟರು. ವೃದ್ಧರು ಕಳೆದುದನ್ನು ಮತ್ತೆ ಮತ್ತೆ ನೆನೆದು ಹೇಳುವುದು ಅರಳುಮರಳಿನ ಲಕ್ಷಣವಲ್ಲ, ಬಾಳನ್ನು ಒಟ್ಟುಗೂಡಿಸಿ ನೋಡಿಕೊಳ್ಳುವ ಸಹಜವಾದ ಕ್ರಿಯೆ ಎಂದು ೧೯೬೩ರಲ್ಲಿಯೇ ಬರೆದವರೂ ಅವರೇ.

ಈ ದೋಷಕ್ಕೆ ಪರಿಹಾರವಾಗಿ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾನಿಲಯದ ವೈದ್ಯವಿದ್ಯಾಲಯವು ೨೦೦೦ದಲ್ಲಿ ಒಂದು ಕ್ರಮವನ್ನು ಆರಂಭಿಸಿತು. ವಿದ್ಯಾರ್ಥಿಗಳನ್ನು ಊರಿನಲ್ಲಿ ಸ್ವತಂತ್ರವಾಗಿ ಬಾಳುತ್ತಿರುವ ಹಿರಿಯರೊಡನೆ ಜೊತೆಗೂಡಿಸಿ, ವ್ಯಾಸಂಗದ ವರ್ಷಗಳುದ್ದಕ್ಕೂ ಆ ಸಂಬಂಧವನ್ನು ನಡೆಸಿಕೊಂಡು ಬರುವುದೇ ಅದರ ಸ್ವರೂಪ. ಅಲ್ಲಿ ಆ ಹಿರಿಯರನ್ನು ‘ರೋಗಿ’ ಎಂದು ಕರೆಯುವುದಿಲ್ಲ. ‘ಹಿರಿಯ ಮಾರ್ಗದರ್ಶಕ’ರೆಂದೇ ಕರೆಯುವರು. ಅನಂತರ ಬೇರೆ ವೈದ್ಯವಿದ್ಯಾಲಯಗಳೂ ಇದೇ ಬಗೆಯ ಕ್ರಮಗಳನ್ನು ನಡೆಸಿದವು. ಇಂಥ ಭೇಟಿಗಳಲ್ಲಿ ವಿದ್ಯಾರ್ಥಿಯು ಹಿರಿಯರ ಆರೋಗ್ಯದ ಪೂರ್ವವೃತ್ತಾಂತವನ್ನು ಕೇಳಿ ಬರೆದುಕೊಳ್ಳುತ್ತಾನೆ. ದಿನವೂ ಸೇವಿಸುವ ಔಷಧಗಳನ್ನು ಪರಿಶೀಲಿಸುತ್ತಾನೆ. ಮನೆಯಲ್ಲಿ ಜಾರಿ ಬೀಳುವ ಸ್ಥಳಗಳಾವುವೆಂದು ನೋಡುತ್ತಾನೆ. ಕೊನೆಗಾಲದ ಚಿಕಿತ್ಸೆಯ ವಿಷಯದಲ್ಲಿ ಅವರ ಇಚ್ಛೆಯೇನೆಂಬುದನ್ನು ಅವರ ಬಾಯಿಂದಲೇ ಕೇಳುತ್ತಾನೆ.

ಈ ಕೊನೆಯ ಪ್ರಶ್ನೆಯಲ್ಲಿ ವಿದ್ಯಾರ್ಥಿಯ ನಾಲಿಗೆಯು ತೊಡರುತ್ತದೆ. ಸಾವಿನ ಮಾತನ್ನು ಎತ್ತಲು ತರುಣರಿಗೆ ಅಂಜಿಕೆ. ಹಿರಿಯರಿಗೆ ಅನೇಕ ವೇಳೆ ಅಷ್ಟು ಅಂಜಿಕೆಯಿರುವುದಿಲ್ಲ. ಕೇಳುವವರಿಲ್ಲವೆಂಬುದೇ ಅವರ ಕೊರತೆ. ಅಂಜಿದವನಿಗೆ ಧೈರ್ಯವನ್ನು ಹೇಳಿ ಮಾತನ್ನು ಮುಂದುವರಿಸುವವರು ಅಲ್ಲಿ ವೃದ್ಧರೇ ಆಗುತ್ತಾರೆ.

ಮಾರ್ಗದರ್ಶನವು ಕೆಡುವ ಬಗೆ

ಒಳ್ಳೆಯದಾದ ಪ್ರತಿಯೊಂದಕ್ಕೂ ಕೆಡುವ ದಾರಿಯುಂಟು. ಮಾರ್ಗದರ್ಶನವು ಮುಖ್ಯವಾಗಿ ಮೂರು ಬಗೆಯಿಂದ ಕೆಡುತ್ತದೆ.

ಒಂದನೆಯದು, ಶಿಷ್ಯನನ್ನು ತನ್ನ ನೆರಳನ್ನಾಗಿ ಮಾಡಿಕೊಳ್ಳುವುದು. ಗುರುವಿನ ಮತವನ್ನೇ ಒಪ್ಪಿಸಬಲ್ಲ ಶಿಷ್ಯನು ಗುರುವಿಗೆ ಸಂತೋಷವನ್ನು ಕೊಡಬಹುದು. ವಿದ್ಯೆಗೆ ಅವನಿಂದ ಪ್ರಯೋಜನವಿಲ್ಲ. ನ್ಯಾಷರನು ತನ್ನ ಗುರುವಿನ ಮಾತನ್ನೇ ಒಪ್ಪಿಕೊಂಡಿದ್ದರೆ ಆಗುತ್ತಿದ್ದುದೇನೆಂಬುದನ್ನು ಹೇಳಬೇಕಾಗಿಲ್ಲ.

ಎರಡನೆಯದು, ಶಿಷ್ಯನನ್ನು ಆಳಿನಂತೆ ದುಡಿಸಿಕೊಳ್ಳುವುದು. ಅವನು ಸಂಗ್ರಹಿಸಿದ ವಿವರಗಳ ಮೇಲೆ ತನ್ನ ಹೆಸರನ್ನು ಮಾತ್ರ ಬರೆದುಕೊಳ್ಳುವುದು, ಅವನ ಪದವಿಯನ್ನು ತನ್ನ ಅನುಕೂಲಕ್ಕಾಗಿ ತಡೆಯುವುದು, ಇವು ಎಲ್ಲ ಶಾಸ್ತ್ರಗಳಲ್ಲಿಯೂ ಇರುವ ಪಿಡುಗುಗಳು. ಸೇವೆಯು ಸ್ವಇಚ್ಛೆಯಿಂದ ಬಂದಾಗ ಕಾಯಕವಾಗುತ್ತದೆ; ಹೆದರಿಕೆಯಿಂದ ಬಂದಾಗ ಬಿಟ್ಟಿಯಾಗುತ್ತದೆ.

ಮೂರನೆಯದು ಈ ಶಾಸ್ತ್ರಕ್ಕೇ ವಿಶೇಷವಾದುದು. ವೃದ್ಧರೊಡನೆ ಮಕ್ಕಳೊಡನೆ ಆಡಿದಂತೆ ಮುದ್ದುಮಾತನ್ನಾಡುವ ಅಭ್ಯಾಸವು ಶುಶ್ರೂಷಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ತಾನೇ ತಾನಾಗಿ ಬರುತ್ತದೆ. ಅದನ್ನು ಆಡುವವರು ಪ್ರೀತಿಯೆಂದೇ ತಿಳಿಯುತ್ತಾರೆ. ಆದರೆ ಮರೆವಿನ ರೋಗವುಳ್ಳ ವೃದ್ಧರಲ್ಲಿ ಇಂಥ ಮಾತು ಪ್ರತಿಭಟನೆಯನ್ನೇ ಹೆಚ್ಚಿಸುತ್ತದೆಂದು ಅಮೆರಿಕದಲ್ಲಿ ಕ್ರಿಸ್ಟೀನ್ ವಿಲಿಯಮ್ಸ್ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿತು. ನೆನಪು ಕಳೆದುಕೊಂಡವರೂ ಮರ್ಯಾದೆಯನ್ನು ಗುರುತಿಸಬಲ್ಲರು. ಮಾರ್ಗದರ್ಶಕನು ತಾನೇ ಹಾಗೆ ಮಾತನಾಡಿದರೆ ಶಿಷ್ಯನೂ ಹಾಗೆಯೇ ಕಲಿಯುತ್ತಾನೆ. ಇದನ್ನು ಉಪದೇಶದಿಂದ ತಿದ್ದಲಾಗದು, ನಡೆಯಿಂದಲೇ ತಿದ್ದಬೇಕು.

ಸಾಗುವುದು ಯಾವುದರಿಂದ?

ಹಾಗಾದರೆ ಹಿರಿಯರಿಂದ ಕಿರಿಯರಿಗೆ ಒಂದು ವಸ್ತುವು ಕೆಡದೆ ಸಾಗುವುದು ಯಾವುದರಿಂದ? ಮೇಲೆ ಹೇಳಿದ ಬೆಂಗ್ಟ್‌ಸನ್ನರ ತಲೆಮಾರುಗಳ ಅಧ್ಯಯನವು ಈ ಪ್ರಶ್ನೆಗೆ ಒಂದು ಕ್ಷೇತ್ರದಲ್ಲಿ ಉತ್ತರವನ್ನು ಕೊಟ್ಟಿದೆ. ಅದು ಈ ಪತ್ರಿಕೆಯ ವಾಚಕರ ಮನೆಗೂ ಸಂಬಂಧಿಸಿದ ಕ್ಷೇತ್ರ. ಧರ್ಮಶ್ರದ್ಧೆಯು ತಂದೆತಾಯಿಗಳಿಂದ ಮಕ್ಕಳಿಗೆ ಹೇಗೆ ಬರುತ್ತದೆ ಎಂಬುದನ್ನು ದಶಕಗಳ ಕಾಲ ಪರಿಶೀಲಿಸಿ, ಅವರು ಮತ್ತು ಸಂಗಡಿಗರು ೨೦೧೩ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ತಂದೆತಾಯಿಗಳು ತಾವು ಎಷ್ಟು ನಿಷ್ಠರು ಎಂಬುದೊಂದೇ ಸಾಲದು; ಮಕ್ಕಳಿಗೂ ಅವರಿಗೂ ಇರುವ ಆತ್ಮೀಯತೆ, ಅದರಲ್ಲಿಯೂ ವಿಶೇಷವಾಗಿ ತಂದೆಯೊಡನೆ ಇರುವ ಆತ್ಮೀಯತೆ, ಬಹುಮಟ್ಟಿಗೆ ನಿರ್ಣಾಯಕವಾಗುತ್ತದೆ ಎಂಬುದು ಅದರ ಸಾರ. ಅಜ್ಜ ಅಜ್ಜಿಯರ ಪ್ರಭಾವವೂ ಅಲ್ಪವಲ್ಲವೆಂದು ಅಲ್ಲಿ ಕಂಡುಬಂದಿತು. ಒಳ್ಳೆಯ ನಡತೆಯ ನಿಷ್ಠಾವಂತ ತಂದೆಯೂ ಮಕ್ಕಳಿಗೆ ದೂರನಾಗಿಯೇ ಉಳಿದರೆ, ಅವನ ನಿಷ್ಠೆಯು ಅವನೊಡನೆಯೇ ಕೊನೆಗಾಣಬಹುದು.

ಆ ಅಧ್ಯಯನವು ಕುಟುಂಬವನ್ನು ಕುರಿತದ್ದು, ವಿದ್ಯಾಪೀಠವನ್ನು ಕುರಿತದ್ದಲ್ಲ. ಆದರೂ ಮಾರ್ಗದರ್ಶಕರಾದವರು ಅದನ್ನು ತಮ್ಮ ಮುಂದಿಟ್ಟುಕೊಂಡು ಯೋಚಿಸುವುದು ಯುಕ್ತ. ಪಾಂಡಿತ್ಯದ ಭಾರದಿಂದ ಶಿಷ್ಯನು ಬಾಗಬಹುದು. ಆದರೆ ಸಾಮೀಪ್ಯವಿಲ್ಲದೆ ಅವನು ಬೆಳೆಯುವುದು ಕಷ್ಟ.

ನಮ್ಮ ನಾಡಿನಲ್ಲಿ

ಇದುವರೆಗೆ ಹೇಳಿದುದು ಬಹುತೇಕ ಪರದೇಶದ ಮಾತು. ಆದರೆ ವಿಷಯವು ಪರದೇಶದ್ದಲ್ಲ. ೨೦೧೧ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ವರ್ಷ ದಾಟಿದವರ ಸಂಖ್ಯೆಯು ೧೦ ಕೋಟಿಯನ್ನು ಮೀರಿತ್ತು; ಅಂದಿನಿಂದ ಅದು ಬೆಳೆಯುತ್ತಲೇ ಇದೆ. ಇವರ ಆರೈಕೆಗೆ ತಕ್ಕಷ್ಟು ಮಂದಿ ಕಲಿತವರು ಇನ್ನೂ ಸಿದ್ಧರಾಗಿಲ್ಲ. ವೃದ್ಧವೈದ್ಯದಲ್ಲಿ ಸ್ನಾತಕೋತ್ತರ ಪದವಿಯ ವ್ಯಾಸಂಗವು ದೇಶದಲ್ಲಿ ಮೊದಲಿಗೆ ಆರಂಭವಾದುದೇ ೧೯೯೬ರಲ್ಲಿ, ಮದರಾಸು ವೈದ್ಯಕೀಯ ಕಾಲೇಜಿನಲ್ಲಿ. ನಮ್ಮಲ್ಲಿ ಗುರುಗಳ ಸಾಲು ಇನ್ನೂ ಚಿಕ್ಕದು.

ಕನ್ನಡ ನಾಡಿನಲ್ಲಿಯೂ ಈ ಕೆಲಸವು ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ವರ್ಷ ಮೀರಿದವರ ನೆನಪು ಆರೋಗ್ಯಗಳನ್ನು ವರ್ಷವರ್ಷಗಳ ಕಾಲ ಅನುಸರಿಸಿ ನೋಡುವ ಅಧ್ಯಯನವನ್ನು ಕೈಗೊಂಡಿದೆ. ಹತ್ತು ಸಾವಿರ ಮಂದಿಯನ್ನು ಸೇರಿಸಿಕೊಳ್ಳಬೇಕೆಂಬುದು ಅದರ ಉದ್ದೇಶ.

ಹಳ್ಳಿಗಳಲ್ಲಿ ನಡೆಯುವ ಇಂಥ ಯಾವ ಅಧ್ಯಯನದಲ್ಲಿಯೂ ಮಾರ್ಗದರ್ಶನದ ಬೆಲೆಯು ಕೂಡಲೆ ತಿಳಿಯುತ್ತದೆ. ನೆನಪನ್ನು ಅಳೆಯಲು ಪಾಶ್ಚಾತ್ಯರು ಮಾಡಿಕೊಂಡ ರೂಢಿಯ ಪರೀಕ್ಷೆಗಳಲ್ಲಿ ಇಂದಿನ ತಾರೀಖನ್ನು ಕೇಳುವುದು, ನೂರರಿಂದ ಏಳೇಳನ್ನು ಕಳೆಯಿಸುವುದು, ಒಂದು ವಾಕ್ಯವನ್ನು ಬರೆಯಿಸುವುದು ಇವೇ ಮೊದಲಾದವುಗಳಿರುತ್ತವೆ. ಶಾಲೆಯ ಮೆಟ್ಟಿಲನ್ನು ಹತ್ತದ ಅಜ್ಜಿಯು ಇವುಗಳಲ್ಲಿ ತಪ್ಪಿದರೆ ಅದು ಮರೆವೋ, ಅಕ್ಷರವಿಲ್ಲದ್ದರ ಫಲವೋ? ಆಕೆಯು ಅಮಾವಾಸ್ಯೆಗೆ ಎಷ್ಟು ದಿನವೆಂಬುದನ್ನು, ಸಂತೆಯ ದಿನವನ್ನು, ಮೂರು ತಲೆಮಾರಿನ ನಂಟನ್ನು ಬೆರಳಲ್ಲಿ ಎಣಿಸಿ ಹೇಳಬಲ್ಲಳು. ಹರಿಯಾಣದ ಬಲ್ಲಭಗಢದಲ್ಲಿ ೧೯೯೦ರ ದಶಕದ ಸಂಶೋಧಕರು ಈ ತೊಡಕನ್ನು ಕಂಡೇ ಅಕ್ಷರವಿಲ್ಲದವರಿಗೂ ಸಲ್ಲುವ ಹಿಂದಿಯ ಪರೀಕ್ಷೆಯೊಂದನ್ನು ರಚಿಸಿದರು. ಈ ಎಚ್ಚರವನ್ನು ಹೇಳುವ ಹಿರಿಯರಿಲ್ಲದಿದ್ದರೆ ವಿದ್ಯಾರ್ಥಿಯು ಬುದ್ಧಿವಂತೆಯಾದ ಅಜ್ಜಿಯನ್ನು ರೋಗಿಯೆಂದು ಬರೆದುಕೊಂಡು ಬರುವನು. ತಪ್ಪು ಅವಳ ನೆನಪಿನಲ್ಲಿರದೆ ಅವನ ಕಾಗದದಲ್ಲಿದ್ದೀತು.

ಗೃಹಸ್ಥರು ಮಾಡತಕ್ಕದ್ದು

ಇನ್ನು ಮನೆಯ ಹಿರಿಯರಿಗೆ ಸಂಬಂಧಿಸಿದ ಮಾತು. ಮುಪ್ಪನ್ನು ಅಭ್ಯಸಿಸುವ ವಿದ್ಯಾರ್ಥಿಯು ಒಂದು ದಿನ ಕಾಗದ ಲೇಖನಿಗಳ ಸಹಿತ ಬಾಗಿಲಿಗೆ ಬಂದಾಗ ಹಿರಿಯರು ಮೂರು ಸಂಗತಿಗಳನ್ನು ನೆನಪಿಡುವುದು ಒಳ್ಳೆಯದು. ಮೊದಲನೆಯದಾಗಿ, ಅವನು ಬಂದ ಕಾರಣವನ್ನೂ ಹೇಳಿದ ವಿವರಗಳು ಎಲ್ಲಿ ಉಳಿಯುವುವೆಂಬುದನ್ನೂ ಕೇಳಿ ತಿಳಿಯುವ ಹಕ್ಕು ಅವರಿಗಿದೆ. ಇಷ್ಟವಿಲ್ಲದ ಪ್ರಶ್ನೆಗೆ ಉತ್ತರವನ್ನು ಕೊಡದಿರುವ ಹಕ್ಕೂ ಇದೆ. ಎರಡನೆಯದಾಗಿ, ಅವನಿಗೆ ಹಿತವಾಗಲೆಂದು ಸುಳ್ಳು ಹೇಳಬಾರದು. ಮಗನ ಮನೆಯಲ್ಲಿ ಎಲ್ಲವೂ ಸುಖವೆಂದು ಹೇಳಿ ರಾತ್ರಿ ಕಣ್ಣೀರಿಡುವ ತಾಯಿಯ ಉತ್ತರದಿಂದ ಶಾಸ್ತ್ರವೂ ಬೆಳೆಯದು, ಮುಂದಿನ ತಾಯಂದಿರಿಗೂ ನೆರವಾಗದು. ಮೂರನೆಯದಾಗಿ, ಹೋಗುವ ಮುನ್ನ ಅವನನ್ನೂ ಒಂದು ಪ್ರಶ್ನೆಯನ್ನು ಕೇಳಬೇಕು: ಮಗೂ, ಇಂದು ನೀನು ಏನನ್ನು ಕಲಿತೆ? ಈ ಒಂದು ಪ್ರಶ್ನೆಯಿಂದ ಉತ್ತರ ಕೊಡುವ ವೃದ್ಧರು ಮಾರ್ಗದರ್ಶಕರ ಸ್ಥಾನಕ್ಕೆ ಬರುತ್ತಾರೆ.

ಮನೆಯ ಕಿರಿಯರಿಗೂ ಇದು ಅನ್ವಯಿಸುತ್ತದೆ. ಪರವೂರಿನ ವಿದ್ಯಾರ್ಥಿಯೊಬ್ಬನು ಬಂದು ಗಂಟೆಗಟ್ಟಲೆ ಕುಳಿತು ಕೇಳುವ ಅಜ್ಜನ ಮಾತನ್ನು ಸ್ವಂತ ಮೊಮ್ಮಗನು ಎಂದೂ ಕೇಳಿರುವುದಿಲ್ಲ. ಆ ವಿದ್ಯಾರ್ಥಿಗೆ ಪದವಿಯ ಆಸೆಯಿದೆ, ನಿಜ. ಆದರೆ ಅಜ್ಜನು ಏಕೆ ಆ ದಿನ ಎಂದಿಗಿಂತ ಹೆಚ್ಚಾಗಿ ಊಟ ಮಾಡಿದನೆಂಬುದನ್ನು ಮನೆಯವರು ಕುಳಿತು ಯೋಚಿಸಬೇಕು.

ಮುಪ್ಪನ್ನು ಓದುವ ತರುಣನು ಇಂದು ಇನ್ನೊಬ್ಬರ ಕೈಹಿಡಿದು ನಡೆಯುತ್ತಾನೆ. ನಾಳೆ ಅವನ ಕೈಯನ್ನು ಹಿಡಿಯುವವರು ಬರುತ್ತಾರೆ. ನಾಡಿದ್ದು ಅವನೇ ಜಗಲಿಯ ಮೇಲೆ ಕುಳಿತಿರುತ್ತಾನೆ. ಎದುರಿಗೆ ಕಾಗದವನ್ನು ಬಿಡಿಸಿಕೊಂಡು ಒಬ್ಬ ತರುಣಿಯು ಕುಳಿತಿರುತ್ತಾಳೆ. ಆಕೆಯು ಅವನನ್ನು ಹೇಗೆ ನೋಡುವಳೆಂಬುದು ಇಂದು ಅವನು ತನ್ನ ಶಿಷ್ಯರಿಗೆ ಏನನ್ನು ಕಲಿಸುವನೋ ಅದನ್ನೇ ಅವಲಂಬಿಸಿದೆ.